ಮದುವೆ ಎಂಬ ಫೋಲ್ಡರು

ನಾನು ಈ ಮನೆಗೆ ಸೊಸೆಯಾಗಿ ಬರುವ ಹಿಂದಿನ ವರ್ಷವೇ ನನ್ನ ನಾದಿನಿಯ ಮದುವೆ ಆಗಿಹೋಗಿತ್ತು. ಹಾಗಾಗಿ ಆ ಮದುವೆಯನ್ನು ನಾನು ನೋಡಿದ್ದು ಕಂಪ್ಯೂಟರಿನಲ್ಲಿ. ಯಲ್ಲಾಪುರದಿಂದ ಬನವಾಸಿಗೆ ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಡಿಯೋ ಹಾಕಿಸಿ, ಇವರು ಹಾವೇರಿ ಕಡೆಯವರು, ಆ ಹಸಿರು ಸೀರೆಯವಳು ನನ್ನ ತಂಗಿ ಎಂದು ನೆಂಟರನ್ನೆಲ್ಲ ಪರಿಚಯ ಮಾಡಿಕೊಟ್ಟಿದ್ದರು. ಆಮೇಲೆ ಅವರೆಲ್ಲ ಮನೆಗೆ ಬಂದಾಗ ನನಗೆ ಯಾರೂ ಹೊಸಬರೆನಿಸಲಿಲ್ಲ.

ಕಂಪ್ಯೂಟರು ನಾದಿನಿಯದೇ. ಸಿವಿಲ್ ಡಿಪ್ಲೊಮಾ ಓದುವಾಗ ಅವಳಿಗೆಂದು ಶಿರಸಿಯಿಂದ ತಂದದ್ದು. ಅವಳು ಗಂಡನ ಮನೆಗೆ ಹೋದ ಮೇಲೆ ಅದು ಎಲ್ಲರದಾಯಿತು. ನಾನು ಕಲಿಸುವ ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಅದರಲ್ಲಿ ಟೈಪು ಮಾಡುತ್ತಿದ್ದೆ. ನನ್ನ ಗಂಡ ತನ್ನ ಫೋನು ತುಂಬಿದಾಗಲೆಲ್ಲ ಅದರಲ್ಲಿದ್ದದ್ದನ್ನು ತಂದು ಇದಕ್ಕೆ ಸುರಿಯುತ್ತಿದ್ದರು.

ಮೂರು ವರ್ಷಕ್ಕೆ ನಾದಿನಿಯ ಮದುವೆ ಮುರಿಯಿತು. ಹೊಡೆತ ಬಡಿತ ಏನೂ ಇರಲಿಲ್ಲ. ಆತ ಅವಳ ಜೊತೆ ಮಾತು ಬಿಟ್ಟಿದ್ದ, ಅಷ್ಟೆ. ಹಿರಿಯರು ಎರಡೂ ಮನೆಗೆ ಓಡಾಡಿ ಸೋತರು. ಕೊನೆಗೆ ಇಬ್ಬರೂ ಒಪ್ಪಿಕೊಂಡು ಕೋರ್ಟಿನಲ್ಲಿ ಬೇರೆಯಾದರು. ಅವಳು ಮನೆಗೆ ಬಂದು ಕೆಲವು ತಿಂಗಳು ಹೆಚ್ಚು ಮಾತಿಲ್ಲದೆ ಇದ್ದಳು. ಅನಾನಸ್ ಕೊಯ್ಲಿನ ದಿನಗಳಲ್ಲಿ ಹಿತ್ತಲಲ್ಲಿ ಕೂತು ಹಣ್ಣು ವಿಂಗಡಿಸುತ್ತಿದ್ದಳು. ಒಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಶಿರಸಿಗೆ ಹೋಗಿ, ಅಲ್ಲಿ ಮನೆ ಕಟ್ಟಿಸಿಕೊಡುವ ಎಂಜಿನಿಯರ್ ಒಬ್ಬರ ಹತ್ತಿರ ಕೆಲಸ ಕೇಳಿ ಬಂದಳು. ಅವರು ಒಪ್ಪಿದ್ದರು. ಮನೆಗಳ ನಕ್ಷೆಯನ್ನು ಇಲ್ಲಿಂದಲೇ ಮಾಡಬೇಕು, ವಾರಕ್ಕೊಮ್ಮೆ ಹೋಗಿ ತೋರಿಸಬೇಕು.

ನಕ್ಷೆ ಬರೆಯುವ ಸಾಫ್ಟ್‌ವೇರ್ ಹಾಕಲು ಕೂತರೆ ಕಂಪ್ಯೂಟರು ಜಾಗವಿಲ್ಲ ಎಂದಿತು. ತೆಗೆದು ನೋಡಿದರೆ ಹಾರ್ಡ್ ಡಿಸ್ಕಿನ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಕೆಂಪಾಗಿತ್ತು.

ಆ ಭಾನುವಾರ ನಾವಿಬ್ಬರೂ ಅದನ್ನು ಖಾಲಿ ಮಾಡಲು ಕುಳಿತೆವು. ರೀಸೈಕಲ್ ಬಿನ್ ಬರಿದು ಮಾಡಿದೆವು. ಡೌನ್‌ಲೋಡಿನಲ್ಲಿ ಒಂದೇ ಸುತ್ತೋಲೆ ಹಲವು ಸಲ ಇಳಿದಿತ್ತು, ಅದನ್ನು ತೆಗೆದೆವು. ವಾಟ್ಸಾಪಿನ ಶುಭೋದಯದ ಹೂವುಗಳು ಹೋದವು. ನನ್ನ ಗಂಡನ ಫೋನಿನಿಂದ ಬಂದದ್ದರಲ್ಲಿ ಮುಕ್ಕಾಲು ಪಾಲು ಕೊಳೆತ ಶುಂಠಿಯ ಫೋಟೋಗಳು. ಹಿಂದಿನ ಮಳೆಗಾಲದಲ್ಲಿ ಕೊಳೆ ರೋಗ ಬಂದಾಗ, ಕೃಷಿ ಇಲಾಖೆಯವರಿಗೆ ತೋರಿಸಲು ತೆಗೆದವು. ಅಳಿಸಲೇ ಎಂದು ಗಂಡನನ್ನು ಕೂಗಿ ಕೇಳಿದೆ. ಅವರು ಹೊರಗಿನಿಂದಲೇ, ಮುಂದಿನ ವರ್ಷ ಹೋಲಿಸಿ ನೋಡಲು ಬೇಕಾಗುತ್ತದೆ, ಮುಟ್ಟಬೇಡ ಎಂದರು. ನಾವು ಪೆನ್‌ಡ್ರೈವಿಗೆ ಹಾಕಿಟ್ಟೆವು.

ಇಷ್ಟಾದರೂ ಸಾಕಾಗಲಿಲ್ಲ. ಯಾವುದು ಹೆಚ್ಚು ಜಾಗ ಹಿಡಿದಿದೆ ಎಂದು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದಾಗ ಎಲ್ಲಕ್ಕಿಂತ ಮೇಲೆ ‘ಮದುವೆ’ ಎಂಬ ಫೋಲ್ಡರು ನಿಂತಿತು. ವಿಡಿಯೋದವರು ಕತ್ತರಿಸಿ ಜೋಡಿಸಿದ್ದರ ಜೊತೆಗೆ ಎರಡು ಕ್ಯಾಮೆರಾಗಳಲ್ಲಿ ತೆಗೆದದ್ದನ್ನೆಲ್ಲ ಹಾಗೆಹಾಗೆಯೇ ಕೊಟ್ಟಿದ್ದರು. ನಾನು ಮೌಸ್ ಬಿಟ್ಟೆ. ಬೇರೇನಾದರೂ ಹುಡುಕೋಣ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಅಂದಳು:

“ವೈನಿ, ಅದನ್ನ ತಗೀರಿ.”

ಅತ್ತೆಯನ್ನು ಕೇಳದೆ ಬೇಡ ಎಂದೆ. ಅವಳು ಎದ್ದು ಹೋಗಿ ಕೇಳಿಯೇ ಬಂದಳು. ಹಿಂದೆಯೇ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಅಷ್ಟು ಖರ್ಚು ಮಾಡಿ ಮಾಡಿಸಿದ್ದು, ಮನೆಯವರೆಲ್ಲ ಇದ್ದಾರೆ ಅದರಲ್ಲಿ, ತನ್ನ ಪಾಡಿಗೆ ತಾನು ಬಿದ್ದಿದೆ, ನಿನಗೇನು ಅಡ್ಡ ಬಂತು ಎಂದು ಮಗಳನ್ನು ಕೇಳಿದರು.

“ಅಡ್ಡನ ಬಂದೈತವ್ವ,” ಅಂದಳು ನಾದಿನಿ. “ಅದು ಇದ್ರ ನನ್ನ ಕೆಲ್ಸಕ್ಕ ಜಾಗ ಇಲ್ಲ.”

ಹಾಗಾದರೆ ಕಡೆಯ ಸಲ ಒಮ್ಮೆ ನೋಡುತ್ತೇನೆ ಎಂದು ಅತ್ತೆ ಕುರ್ಚಿ ಎಳೆದುಕೊಂಡು ಕುಳಿತರು.

ನಾನು ಯಾವುದೋ ಒಂದನ್ನು ಒತ್ತಿದೆ. ಅದು ಹಾಡು ಕೂಡಿಸಿದ ವಿಡಿಯೋ ಆಗಿರಲಿಲ್ಲ, ಕತ್ತರಿಸದೆ ಉಳಿದದ್ದು. ನಾನೂ ನೋಡಿರಲಿಲ್ಲ. ಅಕ್ಷತೆ ಮುಗಿದಿದೆ. ಜನ ಸಾಲಾಗಿ ಬಂದು ಫೋಟೋಕ್ಕೆ ನಿಂತು ಇಳಿದು ಹೋಗುತ್ತಿದ್ದಾರೆ. ಕ್ಯಾಮೆರಾ ಕದಲದೆ ಹುಡುಗಿಯ ಮೇಲೇ ಇದೆ. ಅವಳು ಬಂದವರಿಗೆಲ್ಲ ನಗುತ್ತಾಳೆ, ಅವರು ಇಳಿದ ಕೂಡಲೇ ಬಲಗಡೆಗೆ ಕತ್ತು ತಿರುಗಿಸಿ ಏನನ್ನೋ ಹುಡುಕುತ್ತಾಳೆ. ಮತ್ತೆ ಯಾರೋ ಬರುತ್ತಾರೆ, ಮತ್ತೆ ನಗು, ಮತ್ತೆ ಅದೇ ಕಡೆ ನೋಟ. ಅತ್ತೆ ನೆಂಟರನ್ನು ಗುರುತಿಸುವುದನ್ನು ನಿಲ್ಲಿಸಿದರು.

“ಯಾರನ್ನ ನೋಡಾಕತ್ತಿ ಅಲ್ಲಿ?”

“ನಿನ್ನ.”

“ನಾ ಊಟದ ಕಡೆ ಇದ್ನಲ್ಲ.”

“ಹೌದು. ಮುಂಜಾನಿಂದ ನೀ ನನ್ನ ಹತ್ರ ಬರ್ಲೇ ಇಲ್ಲ. ನನಗ ಅಂಜಿಕಿ ಬರಾಕತ್ತೈತಿ ಅಂತ ನಿನಗ ಹೇಳೂದಿತ್ತು. ಮತ್ತೇನಿಲ್ಲ.”

ಅವಳು ದೂರಿನಂತೆ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗಿತ್ತು. ಅತ್ತೆ ತೆರೆಯನ್ನು ನೋಡುತ್ತಲೇ ಇದ್ದರು. ಎಡಗೈ ಮಗಳ ಮಂಡಿಯ ಮೇಲೆ ಹೋಗಿ ಕುಳಿತಿತ್ತು. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು, ಆದರೆ ನನ್ನ ಕುರ್ಚಿ ಗೋಡೆಗೂ ಅವರಿಬ್ಬರಿಗೂ ನಡುವೆ ಸಿಕ್ಕಿಕೊಂಡಿತ್ತು.

“ಸಾಕು. ತಗದ್ಬಿಡು,” ಎಂದು ಅತ್ತೆ ಎದ್ದು, ಚಹಾಕ್ಕೆ ಇಡುತ್ತೇನೆ ಎಂದು ಒಳಗೆ ಹೋದರು.

ಫೋಲ್ಡರು ದೊಡ್ಡದಾದ್ದರಿಂದ ರೀಸೈಕಲ್ ಬಿನ್ನಿಗೆ ಹೋಗುವುದಿಲ್ಲ, ಪೂರ್ತಿ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಕಂಪ್ಯೂಟರು ಕೇಳಿತು. ನಾನು ಮೌಸನ್ನು ನಾದಿನಿಯ ಕಡೆ ಸರಿಸಿದೆ. ಅವಳು ಒತ್ತಿದಳು. ಹಸಿರು ಗೆರೆ ನಿಧಾನವಾಗಿ ತುಂಬುತ್ತ ಹೋಗಿ, ಚಹಾ ಬರುವಷ್ಟರಲ್ಲಿ ಮುಗಿದಿತ್ತು. ಮದುವೆಯ ಆಲ್ಬಮ್ಮು ಟ್ರಂಕಿನಲ್ಲಿ ಇದ್ದೇ ಇದೆ. ಅದರ ಮಾತನ್ನು ಯಾರೂ ಎತ್ತಲಿಲ್ಲ.

ಸಂಜೆ ನನ್ನ ಗಂಡ ಬಂದು, ಜಾಗ ಹೇಗೆ ಆಯಿತು ಎಂದರು. ಹೇಳಿದೆ. ತಂಗಿಯ ಕಡೆ ಒಮ್ಮೆ ನೋಡಿ, ಚಲೋ ಆತು ಎಂದರು. ನಂತರ ಶುಂಠಿ ಫೋಟೋ ಇವೆ ತಾನೆ ಎಂದು ಕೇಳಿದರು.

ನಾದಿನಿ ಮೊದಲು ಮಾಡಿದ ನಕ್ಷೆ ಸಿದ್ದಾಪುರದ ಕಡೆಯ ಒಂದು ಸಣ್ಣ ಮನೆಯದು. ಅತ್ತೆ ಅದನ್ನು ಬಹಳ ಹೊತ್ತು ನೋಡಿ, ಬಾಗಿಲು ಎಲ್ಲಿದೆ ಎಂದು ಕೇಳಿ ತಿಳಿದುಕೊಂಡರು. ಅವಳು ಬಂದಂದಿನಿಂದ ಯಾರು ಕೇಳಿದರೂ, ಮಗಳು ನಾಲ್ಕು ದಿನ ಇದ್ದು ಹೋಗಲು ಬಂದಿದ್ದಾಳೆ ಎಂದೇ ಅತ್ತೆ ಹೇಳುತ್ತಿದ್ದರು. ಮೊನ್ನೆ ಓಣಿಯ ಹೆಂಗಸೊಬ್ಬರು ಬಂದು, ಮಗಳು ಇನ್ನೂ ಇಲ್ಲೇ ಇದ್ದಾಳೇನು ಎಂದು ವಿಚಾರಿಸಿದರು.

“ಇಲ್ಲೇ ಇರ್ತಾಳ್ರಿ,” ಅಂದರು ಅತ್ತೆ. “ಎಂಜಿನಿಯರ್ ಕೆಲ್ಸ ಮಾಡ್ತಾಳ.”

ಎಂಜಿನಿಯರ್ ಅಲ್ಲ, ನಕ್ಷೆ ಅಷ್ಟೇ ಎಂದು ನಾದಿನಿ ಒಳಗಿನಿಂದ ತಿದ್ದಿದಳು. ಅತ್ತೆ ಕೇಳಿಸದವರಂತೆ, ಬಂದವರಿಗೆ ಕೂರಲು ಚಾಪೆ ಹಾಸಿದರು.