ಅರಿಶಿಣ-ಕುಂಕುಮದ ಹುಣಸೆಮರ

ನನ್ನ ಮದುವೆಯಲ್ಲಿ ಅಪ್ಪ ನನಗೊಂದು ಹುಣಸೆಮರ ಕೊಟ್ಟಿದ್ದ. ನಮ್ಮ ಕಡೆ ಇದಕ್ಕೆ ಅರಿಶಿಣ-ಕುಂಕುಮಕ್ಕೆ ಕೊಡುವುದು ಎನ್ನುತ್ತಾರೆ. ಅನುಕೂಲಸ್ಥರು ಮಗಳಿಗೆ ಹೊಲದ ತುಂಡು ಕೊಡುತ್ತಾರೆ, ನಮ್ಮಪ್ಪ ಮರ ಕೊಟ್ಟ. ಮರ ಇದ್ದದ್ದು ಮಖ್ತಲ್ ಹತ್ತಿರ, ನಮ್ಮ ಹೊಲದ ಬದುವಿನ ಮೇಲೆ. ಪ್ರತಿ ಬೇಸಿಗೆ ಅದರ ಹಣ್ಣು ನಾರಾಯಣಪೇಟೆಯ ನನ್ನ ಮನೆಗೆ ಬರುತ್ತಿತ್ತು. ಗಂಡ ತೀರಿಕೊಂಡ ವರ್ಷ ಬರಲಿಲ್ಲ. ಮರೆತಿರಬೇಕೆಂದು, ಅಪ್ಪನ ನಂತರ ಹೊಲ ನೋಡಿಕೊಳ್ಳುತ್ತಿದ್ದ ತಮ್ಮನಿಗೆ ಫೋನ್ ಮಾಡಿದೆ.

"ಅಕ್ಕಾ, ಅದು ಅರಿಶಿಣ-ಕುಂಕುಮಕ್ಕ ಕೊಟ್ಟಿದ್ದಲ್ಲಾ. ಈಗ ಅದರ ಜರೂರತ್ ಏನೈತಿ ನಿನಗ?" ಎಂದ.

ಇದೇ ತಮ್ಮ ಪ್ರತ್ಯೇಕ ರಾಜ್ಯದ ಹೋರಾಟದಲ್ಲಿ ಧರಣಿಯ ಡೇರೆಯೊಳಗೆ ಕೂತು, ನಮ್ಮ ಪಾಲು ನಮಗೆ ಕೊಡಿ ಎಂದು ಗಂಟಲು ಹರಿಯುವಂತೆ ಕೂಗಿದವನು. ರಾಜ್ಯ ಬಂದಾಗ ಓಣಿಗೆಲ್ಲ ಪೇಢೆ ಹಂಚಿದ್ದ. ಈಗ ಅವನಿಗೆ ಪಾಲು ಎಂಬ ಶಬ್ದವೇ ಮರೆತುಹೋಗಿತ್ತು. ನಾನು ಫೋನ್ ಇಟ್ಟುಬಿಟ್ಟೆ.

ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರ್. ಮರುವರ್ಷ ಗದ್ವಾಲದ ಹತ್ತಿರದ ತೋಪಿನಲ್ಲಿ ಹಗ್ಗ ಹಾಕಿ ಮರ ಹತ್ತುವುದನ್ನು ಕಲಿಸುವ ಶಿಬಿರವಿತ್ತು. ಮಕ್ಕಳ ಜೊತೆ ನನ್ನನ್ನೂ ಕಳಿಸಿದರು. ಕಲಿಸುವವಳು ಹೈದರಾಬಾದಿನ ಹುಡುಗಿ. ನೀವೂ ಹತ್ತಿ ಮೇಡಂ, ಎಂದು ತೆಲುಗಿನಲ್ಲಿ ಕರೆದಳು. ಜೊತೆಗಿದ್ದ ಟೀಚರಮ್ಮ, ಈ ವಯಸ್ಸಿನಲ್ಲಿ, ಅದೂ ಇಂಥ ಹೊತ್ತಿನಲ್ಲಿ ನಿಮಗಿದು ಬೇಕೇನ್ರೀ ಎಂದಳು. ಆ 'ಇಂಥ ಹೊತ್ತು' ಕಿವಿಗೆ ಬಿದ್ದದ್ದೇ ನಾನು ಎದ್ದೆ. ಮೈಮೇಲೆ ಚೂಡಿದಾರವಿತ್ತು, ಸದ್ಯ.

ಮರಳು ತುಂಬಿದ ಪುಟ್ಟ ಚೀಲವನ್ನು ದಾರಕ್ಕೆ ಕಟ್ಟಿ ಗಟ್ಟಿ ಕೊಂಬೆಯ ಆಚೆಗೆ ಎಸೆಯಬೇಕು. ಆ ದಾರದಿಂದ ಹಗ್ಗವನ್ನು ಮೇಲೆ ಎಳೆದುಕೊಳ್ಳಬೇಕು. ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ಹಗ್ಗದ ಮೇಲೆ ಒಂದು ಜಾರುವ ಗಂಟು ಹಾಕುತ್ತಾರೆ. ಮೈಭಾರ ಬಿದ್ದರೆ ಗಂಟು ಕಚ್ಚುತ್ತದೆ, ಭಾರ ತೆಗೆದರೆ ಮೇಲೆ ಸರಿಯುತ್ತದೆ. ಹೇಳುವುದು ಸುಲಭ. ನಾನು ನೆಲದಿಂದ ಒಂದಾಳು ಎತ್ತರ ಹೋಗುವಷ್ಟರಲ್ಲಿ ಹಗ್ಗವನ್ನು ಎರಡೂ ಕೈಯಲ್ಲಿ ಅವಚಿಕೊಂಡುಬಿಟ್ಟಿದ್ದೆ. ಕೈ ಬಿಡಿ, ಪಟ್ಟಿಯಲ್ಲಿ ಕೂತುಕೊಳ್ಳಿ ಎಂದು ಹುಡುಗಿ ಕೆಳಗಿನಿಂದ ಹೇಳುತ್ತಲೇ ಇದ್ದಳು. ಬಿಟ್ಟೆ. ಬೀಳಲಿಲ್ಲ. ಆಮೇಲೆ ಗಂಟು ಸರಿಸುವುದು, ಕಾಲಿನ ಕುಣಿಕೆಯಲ್ಲಿ ಎದ್ದು ನಿಲ್ಲುವುದು, ಮತ್ತೆ ಕೂರುವುದು, ಅಷ್ಟೇ ಕೆಲಸ. ಗಂಡ ಹೋದ ಮೇಲೆ ಮನೆಗೆ ಬಂದವರೆಲ್ಲ ನನಗೆ ಮೂಲೆ ತೋರಿಸಿದ್ದರು. ಮರದ ಮೇಲೆ ಯಾರೂ ಇರಲಿಲ್ಲ. ನನಗೆ ಭಾರಿ ಖುಷಿಯಾಯಿತು.

ಖುಷಿಯ ಜೊತೆಗೇ ಒಂದು ಹಟವೂ ಹುಟ್ಟಿತು. ಹಣ್ಣು ಹಾಳಾಗಲಿ, ನನ್ನ ಮರವನ್ನು ನಾನೊಮ್ಮೆ ಹತ್ತಬೇಕು. ಒಂದು ಭಾನುವಾರ ಶಿಬಿರದ ಹುಡುಗಿಯನ್ನು ಮಖ್ತಲ್‌ಗೆ ಕರೆದುಕೊಂಡು ಹೋದೆ. ಮರ ಯಾರದು, ಕೇಳಬೇಕಲ್ಲ ಎಂದಳು. ನಂದೇ ಎಂದೆ. ಅವಳು ಒಣಕೊಂಬೆಗಳನ್ನು ನೋಡಿ, ಹಗ್ಗ ಉಜ್ಜುವ ಜಾಗಕ್ಕೆ ಗೋಣಿತಟ್ಟು ಹಾಕಿ, ಹತ್ತಿ ಎಂದಳು. ನಾನು ದೊಡ್ಡ ಕವಲಿನವರೆಗೆ ಏರಿ ಕೂತಿದ್ದೆ. ಅಷ್ಟರಲ್ಲಿ ತಮ್ಮನ ಬೈಕ್ ಬಂತು. ಹಿಂದೆ ಅವನ ಮಗಳು. ಆಗಷ್ಟೇ ಮದುವೆಯಾಗಿ ತವರಿಗೆ ಬಂದಿದ್ದಳು. ನಾನು ಎತ್ತಿ ಆಡಿಸಿದ ಕೂಸು ಅದು.

"ಇಳಿ ಅಕ್ಕಾ. ಈ ಗಿಡ ಮಗಳಿಗೆ ಅರಿಶಿಣ-ಕುಂಕುಮಕ್ಕ ಕೊಟ್ಟೀನಿ. ಬೀಗರ ಮುಂದ ಮಾತಾಗೈತಿ."

ಮೇಲೆಯೇ ಕೂತು ಅವನಿಗೆ ಬೈಯಬಹುದಿತ್ತು. ಆದರೆ ಅವನ ಮಗಳು ತಲೆಯೆತ್ತಿ ನನ್ನನ್ನು ನೋಡಿ ನಕ್ಕಳು.

"ಅತ್ತಿ, ನೀವು ಹತ್ತರಿ. ಬೇಕಂದಾಗ ಬಂದು ಹತ್ತರಿ. ನಾ ಏನೂ ಅನ್ನಂಗಿಲ್ರೀ."

ಅವಳ ಮನಸ್ಸು ಒಳ್ಳೆಯದು. ಅದೇ ನನ್ನನ್ನು ಸುಟ್ಟಿತು. ನನ್ನಪ್ಪ ಕೊಟ್ಟ ಮರ ಹತ್ತಲು ನನಗೆ ಈ ಮಗುವಿನ ಪರವಾನಗಿ. ಗಂಟು ಒತ್ತಿ ನಿಧಾನ ಇಳಿದೆ, ಪಟ್ಟಿ ಬಿಚ್ಚದೆ ಅವಳ ಎದುರು ನಿಂತೆ.

"ಗಂಡ ಇರೋತನಕ ಅಷ್ಟ ಇದು ನಿಂದು, ತಿಳಕೋ" ಎಂದೆ.

"ಮದುವಿ ಆದ ಮನ್ಯಾಗ ಎಂಥಾ ಮಾತು ಆಡ್ತಿ ಅಕ್ಕಾ," ತಮ್ಮ ಕೆಂಡವಾದ.

"ಮಾತು ನಂದಲ್ಲ. ನೀ ಫೋನಿನ್ಯಾಗ ನನಗ ಹೇಳಿದ್ದು. ಇಕಿಗೂ ಹಂಗ ಐತೋ, ಬ್ಯಾರೆ ಐತೋ, ಇಕಿ ಮುಂದ ಹೇಳು."

ತಮ್ಮನ ಮಗಳ ನಗು ನಿಂತಿತು. ಅಪ್ಪನ ಮುಖ ನೋಡಿದಳು. ನಿನಗೆ ಹಾಗಲ್ಲ ಎಂದು ಅವನೊಂದು ಮಾತು ಹೇಳಲಿ ಎಂದು ನಾನೂ ಕಾದೆ. ಹೇಳಿದ್ದರೆ ನಾನು ಸುಮ್ಮನೆ ಬಸ್ಸು ಹತ್ತುತ್ತಿದ್ದೆ.

"ಹೊತ್ತಾತು, ನಡಿ" ಎಂದು ಮಗಳಿಗೆ ಹೇಳಿ ಅವನು ಬೈಕ್ ತಿರುಗಿಸಿದ.