ಅಜ್ಜನ ವಿಮಾನಕ್ಕೆ ಸಿಕ್ಕ ಪರವಾನಗಿ

ಮಕ್ಕಳೇ, ನಿಮ್ಮ ಅಜ್ಜ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನ್ಯೂ ಟೌನಿನ ನಮ್ಮ ಕ್ವಾರ್ಟರ್ಸ್ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು, ಇಬ್ಬರು ಕೂರುವಷ್ಟು ಪುಟ್ಟ ವಿಮಾನವೊಂದನ್ನು ಕಟ್ಟಿದರು. ಮರಗೆಲಸವೆಲ್ಲ ಅವರದು. ಎಂಜಿನ್ ಕೂರಿಸಿದವರು ಶಿವಮೊಗ್ಗದಲ್ಲಿ ಮೋಟಾರು ಗ್ಯಾರೇಜು ಇಟ್ಟಿದ್ದ ಅವರ ಗೆಳೆಯ ಸಾಹೇಬರು. ರೆಕ್ಕೆಯ ಬಟ್ಟೆ ಹೊಲಿದವಳು ನಾನು. ವಿಮಾನ ಹಾರಿಸುವುದನ್ನು ಅಜ್ಜ ರಜೆ ಹಾಕಿ ಬೆಂಗಳೂರಿಗೆ ಹೋಗಿ ಕಲಿತಿದ್ದರು. ಆದರೆ ಸರ್ಕಾರದ ಪರವಾನಗಿಯಿಲ್ಲದೆ ನಮ್ಮ ವಿಮಾನ ನೆಲ ಬಿಡುವಂತಿರಲಿಲ್ಲ.

ಪರೀಕ್ಷಿಸಲು ಅಧಿಕಾರಿ ಬರುವ ಮೊದಲೇ ಆಯುಧಪೂಜೆ ಬಂತು. ಅರೆಬರೆ ಕೆಲಸವನ್ನು ಪೂಜೆಗಿಡಬಾರದೆಂದು ಅಜ್ಜ ರೆಕ್ಕೆಗಳಿಗೆ ಬಟ್ಟೆ ಹೊದಿಸಿ, ಬಣ್ಣ ಬಳಿದು, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದರು. ಹಬ್ಬ ಕಳೆದ ಮೇಲೆ ಬಂದ ಅಧಿಕಾರಿ ರೆಕ್ಕೆಯನ್ನು ಸವರಿ ನೋಡಿದರು.

"ಮೇಲೆ ಚೆನ್ನಾಗಿದೆ. ಒಳಗಿನ ಮರ ನಾನು ಹೇಗೆ ನೋಡ್ಲಿ? ಬಟ್ಟೆ ಹೊದಿಸೋ ಮುಂಚೆ ಕರೀಬೇಕಿತ್ತಲ್ರೀ."

ಸಾಹೇಬರು ನಕ್ಕರು. "ಹಬ್ಬ ಅಂತ ಸೀರೆ ಉಡಿಸಿಬಿಟ್ಟ ಸಾರ್. ನಾನು ಹೇಳ್ದೆ, ತಡಿ ಮಾರಾಯ ಅಂತ. ಕೇಳ್ಬೇಕಲ್ಲ!"

"ಯಾವಾಗ ಹೇಳ್ದೆ? ಹೋಳಿಗೆ ತಿನ್ನೋವಾಗಲಾ?" ಅಂದರು ಅಜ್ಜ. ಮುಖ ಮಾತ್ರ ಇಳಿದಿತ್ತು.

ಬಟ್ಟೆ ಕತ್ತರಿಸಲು ಅವರಿಗೆ ಕೈ ಬರಲಿಲ್ಲ. ಹೊರಗಿನವರ ಮುಂದೆ ಬಾಯಿ ಬಿಡದ ನಾನು ಒಳಗಿನಿಂದ ಕತ್ತರಿ ತಂದು, ಅಧಿಕಾರಿ ತೋರಿಸಿದ ಕಡೆಯೆಲ್ಲ ಹೊಲಿಗೆ ಬಿಚ್ಚಿದೆ. ಅವರು ಟಾರ್ಚು ಬಿಟ್ಟು, ಒಳಗಿನ ಒಂದೊಂದೇ ಮರದ ಪಟ್ಟಿಯನ್ನು ಬೆರಳಿನಿಂದ ಒತ್ತುತ್ತ ಹೋದರು. ಎಡರೆಕ್ಕೆಯಲ್ಲಿ ಅಂಟು ಹಾಕಿದ್ದ ಒಂದು ಜೋಡಣೆ ಸಣ್ಣಗೆ ಬಾಯಿ ಬಿಟ್ಟಿತು. ಉಳಿದದ್ದೆಲ್ಲ ಗಟ್ಟಿಯಾಗಿತ್ತು.

"ಇದನ್ನ ಸರಿಮಾಡಿ, ಮತ್ತೆ ಬಂದು ನೋಡ್ತೀನಿ. ಆದ್ರೆ ಮಾಮೂಲಿ ಪರವಾನಗಿ ಸಿಗಲ್ಲ. ಅದು ಪೂರ್ತಿ ಪರೀಕ್ಷೆ ಮುಗಿದು, ಕಂಪನಿಯಿಂದ ಬರೋ ವಿಮಾನಕ್ಕೆ. ನಿಮ್ದು ಬೇರೆ ವರ್ಗ, ಪ್ರಯೋಗದ್ದು. ನೀವೊಬ್ರೇ ಹಾರಿಸ್ಬೇಕು. ಇನ್ನೊಬ್ರನ್ನ ಕೂರಿಸೋ ಹಾಗಿಲ್ಲ, ಬಾಡಿಗೆಗೆ ಬಿಡೋ ಹಾಗಿಲ್ಲ, ಊರಿನ ಮೇಲೆ ಹೋಗೋ ಹಾಗಿಲ್ಲ."

ಅಜ್ಜ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದರು. "ಇಷ್ಟು ವರ್ಷ ಕಷ್ಟಪಟ್ಟಿದ್ದು ಬರೀ ಪ್ರಯೋಗವಂತೆ. ಆ ಪರವಾನಗಿ ನಂಗೆ ಬೇಡ ಅಂದ್ಬಿಡ್ತೀನಿ."

"ಆ ಜೋಡಣೆ ಬಿಟ್ಟಿರೋದು ನಿಮಗೆ ಗೊತ್ತಿತ್ತಾ?" ಎಂದೆ, ಮೆಲ್ಲಗೆ.

ಅವರು ಲೋಟ ಕೆಳಗಿಟ್ಟು ಹೊರಗೆ ಹೋದರು.

ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ. ಆದರೂ ಆ ವರ್ಗದ ಅರ್ಥ ಅಂದು ನನಗೆ ತಿಳಿಯಿತು. ವಿಮಾನ ಕೆಟ್ಟದ್ದೆಂದು ಯಾರೂ ಹೇಳಿರಲಿಲ್ಲ. ಅದರ ಗುಣ ಇನ್ನೂ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ. ಗೊತ್ತಾಗುವ ತನಕ ಕಟ್ಟಿದವರ ಧೈರ್ಯದ ಅಪಾಯ ಕಟ್ಟಿದವರ ಮೇಲೆಯೇ ಇರಲಿ, ಬೇರೆ ಜೀವ ಅದರಲ್ಲಿ ಸಿಕ್ಕದಿರಲಿ ಎಂಬುದು ಸರ್ಕಾರದ ಮಾತು. ನನಗದು ನ್ಯಾಯವೆನಿಸಿತು. ಹೆದರಿಕೆಯೂ ಆಯಿತು, ಏಕೆಂದರೆ ಆ ಒಂದು ಜೀವ ನಮ್ಮ ಮನೆಯದು.

ಅಜ್ಜ ಆ ಜೋಡಣೆಯನ್ನು ಸರಿಮಾಡಿದರು. ಅಧಿಕಾರಿ ಮತ್ತೆ ಬಂದು ನೋಡಿ, ಒಪ್ಪಿ, ಪ್ರಯೋಗದ ಪರವಾನಗಿ ಕೊಟ್ಟರು. ಚಳಿಗಾಲದ ಒಂದು ಬೆಳಿಗ್ಗೆ ಊರಾಚೆಯ ಬಯಲಿನಲ್ಲಿ ವಿಮಾನ ಓಡಿ, ಕುಪ್ಪಳಿಸಿ, ಮೇಲೆದ್ದಿತು. ಪಕ್ಕದ ಸೀಟು ಖಾಲಿ. ಕೊಯ್ದ ಗದ್ದೆಗಳ ಮೇಲೆ ದೊಡ್ಡದೊಂದು ಸುತ್ತು ಹಾಕಿತು. ನಾನು ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದೆ. ಇಳಿದಾಗ ಸಾಹೇಬರು ಓಡಿಹೋಗಿ ತಬ್ಬಿಕೊಳ್ಳಲು ನೋಡಿದರೆ, ಅಜ್ಜ ಅವರನ್ನು ಪಕ್ಕಕ್ಕೆ ಸರಿಸಿ ಎಂಜಿನ್ನಿನ ಕಡೆ ಬಗ್ಗಿದರು.

"ಯಾಕೋ ಬಲಕ್ಕೆ ಎಳೀತಿದೆ ಮಾರಾಯ. ಸ್ಪ್ಯಾನರ್ ಕೊಡು. ಇದರ ಬುದ್ಧಿ ಇನ್ನೂ ಪೂರ್ತಿ ಗೊತ್ತಾಗಿಲ್ಲ ನಂಗೆ."