ಸರಿಸಿದ ಗಂಗಾಳ

ನನ್ನ ಸೋದರತ್ತೆ ಶರಣಮ್ಮನವರು ಉಂಡ ಗಂಗಾಳದಲ್ಲಿ ರೊಟ್ಟಿಯ ಚೂರೂ ಉಳಿಯುತ್ತಿರಲಿಲ್ಲ. ಊಟವಾದ ಮೇಲೆ ಅದರಲ್ಲಿಯೇ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದುಬಿಡುತ್ತಿದ್ದರು. ಉಣ್ಣುವುದು ಪ್ರಸಾದ, ಪ್ರಸಾದವನ್ನು ಚೆಲ್ಲಬಾರದು ಎಂಬುದು ಅವರ ನೇಮ. ಸದರಿಯವರ ಬಗ್ಗೆ ಬರೆಯಲು ನಾನು ಅರ್ಹನಲ್ಲವೆಂಬುದನ್ನು ಮೊದಲಿಗೇ ಸವಿನಯವಾಗಿ ನಿವೇದಿಸಿಕೊಳ್ಳುತ್ತೇನೆ.

ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ಮಾದನಹಿಪ್ಪರಗಾದ ತವರಿಗೆ ಮರಳಿದ್ದ ಅವರೇ ನಮ್ಮ ಮನೆಯ ಅಡುಗೆ ನೋಡಿಕೊಳ್ಳುತ್ತಿದ್ದರು. ನನ್ನ ತಂದೆಯವರು ಸಿಟ್ಟು ಬಂದಾಗ ಬೈಯುತ್ತಿರಲಿಲ್ಲ. ಎಡಗೈಯಿಂದ ಗಂಗಾಳವನ್ನು ದೂರ ಸರಿಸಿ ಎದ್ದುಹೋಗುತ್ತಿದ್ದರು. ಮುಂದೆ ಮೂರು ದಿನ ಯಾರೊಡನೆಯೂ ಮಾತಿಲ್ಲ. ಅತ್ತೆಯವರು ಆ ಗಂಗಾಳವನ್ನು ಎಳೆದುಕೊಂಡು, ತಮ್ಮನ ಎಂಜಲನ್ನು ತಾವೇ ಉಂಡು, ತೊಳೆದು ಕುಡಿಯುತ್ತಿದ್ದರು. ಹಾಗೇಕೆ ಮಾಡುತ್ತೀರೆಂದು ಒಮ್ಮೆ ಕೇಳಿದೆ.

"ಪ್ರಸಾದ ಏನ್ ತಪ್ಪ ಮಾಡ್ಯದೋ ತಮ್ಮಾ? ನಿಮ್ಮ ಮುತ್ಯಾನೂ ಹಿಂಗೇ ಸರಸ್ತಿದ್ದ," ಎಂದು ನನ್ನ ಅಜ್ಜನನ್ನು ನೆನೆದು ನಕ್ಕರು. "ಅಣ್ಣತಮ್ಮರು ಹೊಲ ಹಂಚಕೊಂಡ್ರು, ಎತ್ತು ಹಂಚಕೊಂಡ್ರು. ಈ ಸಿಟ್ಟು ಮಾತ್ರ ಎಲ್ಲಾರಿಗೂ ಪೂರಾ ಬಂತು. ನಿನಗ ಬ್ಯಾಡೋ."

ನನಗೆ ಬೇಡವೆಂದು ಮಾತು ಕೊಟ್ಟೆ.

ಎಂಬತ್ತರ ದಶಕದಲ್ಲಿ ಆಳಂದದಲ್ಲಿ ಗುಮಾಸ್ತನಾದೆ. ಮದುವೆಯಾಯಿತು, ಮಗಳು ಹುಟ್ಟಿದಳು. ಒಂದು ಬೇಸಿಗೆಯಲ್ಲಿ ಅತ್ತೆಯವರು ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ನಮ್ಮಲ್ಲಿಗೆ ಬಂದರು. ಅಂದು ಸಾಹೇಬರು ಎಲ್ಲರೆದುರು ನನ್ನ ಕಡತವನ್ನು ಎಸೆದಿದ್ದರು. ಮನೆಯಲ್ಲಿ ಪುಂಡಿಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು. ಅಷ್ಟೇ ಕಾರಣ. ನನ್ನ ಎಡಗೈ ಗಂಗಾಳವನ್ನು ಸರಿಸಿತು. ಪಲ್ಯ ಮಾಡಿದವರು ಅತ್ತೆಯವರೆಂದು ನನಗೆ ಆಮೇಲೆ ತಿಳಿಯಿತು.

ಅವರು ಗಂಗಾಳವನ್ನು ಎಳೆದುಕೊಂಡರು.

"ಕೈ ನಿಮ್ಮ ಮುತ್ಯಾಂದು, ಖರೆ," ಎಂದರು. "ಆದ್ರ ಇರೋದು ನಿನ್ನ ತೋಳಿಗಿ, ತಮ್ಮಾ."

ನಾನು ಎದ್ದುಹೋದೆ. ಮರುದಿನ ಬೆಳಿಗ್ಗೆ ಅವರು ಬಸ್ಸಿಗೆ ಹೊರಟಾಗಲೂ ಪತ್ರಿಕೆಯಿಂದ ಮುಖ ಎತ್ತಲಿಲ್ಲ. "ಬರ್ತೇನಿ" ಎಂದು ಹೊಸ್ತಿಲಲ್ಲಿ ತುಸು ಹೊತ್ತು ನಿಂತಿದ್ದರು. ಅದೇ ಕಡೆಯ ಭೇಟಿ. ಶ್ರಾವಣ ಬರುವುದರೊಳಗೆ ಲಿಂಗೈಕ್ಯರಾದರು.

ಮಣ್ಣು ಮುಗಿಸಿ ಆಳಂದಕ್ಕೆ ಮರಳಿದ ವಾರವೇ, ಐದು ವರ್ಷದ ಮಗಳು ರೊಟ್ಟಿ ಬೇಡವೆಂದು ಗಂಗಾಳವನ್ನು ಸರಿಸಿದಳು, ಎಡಗೈಯಿಂದ. ಹೆಂಡತಿ ಅವಳನ್ನು ಗದರಿಸಲಿಲ್ಲ, ನನ್ನನ್ನು ನೋಡಿದಳು. ನಾನು ಗಂಗಾಳವನ್ನು ಎಳೆದುಕೊಂಡು ಉಂಡೆ. ನೀರು ಹಾಕಿ ತೊಳೆದು ಕುಡಿದೆ.

"ಶರಣಮ್ಮ ಆಯಿ ಹಂಗ ನೀ ಯಾಕ ಮಾಡಾಕತ್ತಿ, ಅಪ್ಪಾ?"

"ನಂದು ತಪ್ಪಾತು," ಎಂದೆ.

ಅದು ತನಗೆ ಹೇಳಿದ ಮಾತೆಂದು ತಿಳಿದ ಮಗಳು, ಆಗಲಿ ಎಂಬಂತೆ ತಲೆಯಾಡಿಸಿದಳು.